ಇಲ್ಲೇ ಕುಂದ್ರು ಅಂದಿದ್ದೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಗಜೇಂದ್ರಗಡದ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬೀಜ-ಗೊಬ್ಬರದ ಅಂಗಡಿಯವನಿಗೆ ಅಷ್ಟು ಸಿಟ್ಟು ಇರಬಾರದು, ಗಿರಾಕಿ ತಿರುಗಿ ಬರುವುದಿಲ್ಲ. ಆದರೂ ಬರುತ್ತಾರೆ, ಬೀಜ ಚಲೋ ಇರುತ್ತದಲ್ಲ. ಅದೇ ಸಿಟ್ಟನ್ನು ಗಂಟು ಕಟ್ಟಿಕೊಂಡು ನಾನು ಇಟಲಿಗೂ ಹೋದೆ. ಅಲ್ಲಿ ಪಾಂಪೆ ಅನ್ನುವ ಹಾಳೂರಿನಲ್ಲಿ ಒಂದೂವರೆ ತಾಸು ನನ್ನ ಹೆಂಡತಿ ಕಳೆದುಹೋದಳು. ಆ ಒಂದೂವರೆ ತಾಸು ನೆನೆಸಿಕೊಂಡರೆ ಈಗಲೂ ಅಂಗೈ ಬೆವರುತ್ತದೆ.

ಹೋದದ್ದು ನಮ್ಮ ಖರ್ಚಿನಲ್ಲಲ್ಲ. ರೋಣ, ನರಗುಂದದ ಕಡೆಯ ರೈತರೆಲ್ಲ ಎರಡು ವರ್ಷ ನಮ್ಮಲ್ಲೇ ಬೀಜ ಒಯ್ದದ್ದಕ್ಕೆ ಬೀಜದ ಕಂಪನಿಯವರು ಖುಷಿಯಾಗಿ, ಗಂಡ ಹೆಂಡತಿ ಇಬ್ಬರೂ ಹೋಗಿಬನ್ನಿ ಅಂದರು. ಹಿಂಗಾರಿ ಬಿತ್ತನೆ ಮುಗಿದು ಅಂಗಡಿ ತಣ್ಣಗಾಗಿತ್ತು. ಬೇರೆ ಬೇರೆ ಜಿಲ್ಲೆಗಳಿಂದ ನಮ್ಮಂಥ ಅಂಗಡಿಯವರು, ಅವರ ಮನೆಯವರು ಸೇರಿ ಮೂವತ್ತು ಜನ. ಎಲ್ಲರನ್ನೂ ಕಾಯ್ದು ಕರೆದೊಯ್ಯಲು ಮೈಸೂರು ಕಡೆಯ ಒಬ್ಬ ಹೆಣ್ಣುಮಗಳು ಟೂರ್ ಮ್ಯಾನೇಜರ್. ನಮ್ಮ ಮಾತು ಆಕೆಗೆ ಅರ್ಧ ತಿಳಿಯುತ್ತಿರಲಿಲ್ಲ, ಆಕೆಯ ಮಾತು ನಮಗೆ ಅರ್ಧ ತಿಳಿಯುತ್ತಿರಲಿಲ್ಲ. ಹೇಗೋ ನಡೆದಿತ್ತು.

ಮನೆ ಬಿಟ್ಟ ಗಳಿಗೆಯಿಂದ ನನ್ನ ಜೀವಕ್ಕೆ ಸಮಾಧಾನ ಇರಲಿಲ್ಲ. ಎರಡೂ ಪಾಸ್‌ಪೋರ್ಟ್ ಸೊಂಟದ ಚೀಲದಲ್ಲಿಟ್ಟು ತಾಸಿಗೆ ನಾಲ್ಕು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅದಕ್ಕಿಂತ ದೊಡ್ಡ ಚಿಂತೆ ಹೆಂಡತಿಯದು. ಆಕೆಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ಕೈ ನಡುಗಿ, ಮೈಯೆಲ್ಲ ಬೆವೆತು, ಕುಂತಲ್ಲೇ ಒರಗುತ್ತಾಳೆ. ಒಂದು ಸಲ ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ಹಾಗೇ ಆಗಿ ದವಾಖಾನೆ ಕಂಡಿದ್ದೆವು. ಅದಕ್ಕೇ ಗುಳಿಗೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಒಂದು ಚೀಲದಲ್ಲಿ ಹಾಕಿ, ಆ ಚೀಲವನ್ನು ನನ್ನ ಹೆಗಲಿಗೇ ಹಾಕಿಕೊಂಡಿದ್ದೆ. ಆಕೆಯ ಫೋನಿಗೆ ಪರದೇಶದಲ್ಲಿ ಮಾತಾಡುವ ಪ್ಯಾಕು ಹಾಕಿಸಿರಲಿಲ್ಲ, ಮನೆಯಲ್ಲೇ ಬಿಡಿಸಿದ್ದೆ. “ಇಬ್ರೂ ಕೂಡೇ ಇರ್ತೀವಿ, ನಿನಗ್ಯಾಕ ಬೇಕು ಅದು” ಅಂದಿದ್ದೆ. ಎಲ್ಲ ನನ್ನ ಹತ್ತಿರ ಇದ್ದರೆ ಎಲ್ಲ ನೆಟ್ಟಗಿರುತ್ತದೆ ಅಂತ ನನ್ನ ತಿಳುವಳಿಕೆ. ಹೀಗಾಗಿ ಆಕೆಯ ಹತ್ತಿರ ಇದ್ದದ್ದು ಮೈಮೇಲಿನ ಸೀರೆ, ಅದರ ಮೇಲೆ ಥಂಡಿಗೆ ಹಾಕಿಕೊಂಡ ನನ್ನದೇ ಒಂದು ಕಂದು ಸ್ವೆಟರು, ಇಷ್ಟೇ.

ಪಾಂಪೆಯ ತಿರುಗಾಟ ಅರ್ಧ ಗೈಡಿನದು, ಅರ್ಧ ನಮ್ಮದು. ಒಂದೂವರೆ ತನಕ ಗೈಡು ತೋರಿಸುತ್ತಾಳೆ, ಆಮೇಲೆ ನಿಮ್ಮ ಪಾಡಿಗೆ ನೀವು ನೋಡಿ ಅಂತ ಮ್ಯಾನೇಜರ್ ಬಸ್ಸಿನಲ್ಲೇ ಹೇಳಿದಳು. “ಮೂರೂಮುಕ್ಕಾಲಿಗೆ ಎಲ್ರೂ ಮೇನ್ ಗೇಟ್ ಹತ್ರ ಇರ್ಬೇಕು. ಬಸ್ ನಾಲ್ಕರ ಮೇಲೆ ನಿಲ್ಲಲ್ಲ. ಐದಕ್ಕೆ ಇವರು ಬಾಗಿಲೇ ಹಾಕ್ಬಿಡ್ತಾರೆ.” ನಾನು ಅದನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ. ಹೆಂಡತಿ ನೋಡಿ ನಕ್ಕಳು. ಆಕೆಗೆ ಇಂಥ ಚಿಂತೆಗಳೇ ಇಲ್ಲ. ನನ್ನಂಥವನ ಜೊತೆ ಇದ್ದರೆ ಇನ್ನೊಬ್ಬರು ಚಿಂತೆ ಮಾಡುವ ಜರೂರೇ ಬೀಳುವುದಿಲ್ಲ.

ಗೈಡು ಇಟಲಿಯ ಹೆಂಗಸು, ಕೋಲಿನ ತುದಿಗೆ ಹಳದಿ ಬಟ್ಟೆ ಕಟ್ಟಿಕೊಂಡು ಮುಂದೆ ಮುಂದೆ ನಡೆದಳು. ಎಲ್ಲರ ಕಿವಿಗೂ ಒಂದೊಂದು ಸಣ್ಣ ಯಂತ್ರ ಕೊಟ್ಟಿದ್ದರು. ಆಕೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಮ್ಯಾನೇಜರ್ ಅದರಲ್ಲಿ ಕನ್ನಡ ಮಾಡುತ್ತಿದ್ದಳು. ಎರಡು ಸಾವಿರ ವರ್ಷದ ಹಿಂದೆ, ಅದೋ ಅಲ್ಲಿ ಕಾಣುವ ಬೆಟ್ಟ ಸಿಡಿದು, ಬೂದಿ ಸುರಿದು, ಊರಿಗೆ ಊರೇ ಮುಚ್ಚಿಹೋಯಿತಂತೆ. ಬೆಟ್ಟ ನೋಡಿದರೆ ನಮ್ಮ ಗಡದ ಗುಡ್ಡದ ಹಾಗೆ ಏನೂ ಅರಿಯದಂತೆ ಮಲಗಿತ್ತು. ಅವತ್ತು ಸತ್ತವರ ಮೈ ಕರಗಿ ಬೂದಿಯಲ್ಲಿ ಉಳಿದ ಪೊಳ್ಳಿನೊಳಗೆ ಗಾರೆ ಹೊಯ್ದು ತೆಗೆದ ಅಚ್ಚುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಒಬ್ಬರು ಮೊಣಕಾಲು ಮಡಚಿ, ಮುಖಕ್ಕೆ ಕೈ ಹಚ್ಚಿಕೊಂಡು ಗೋಡೆಗೆ ಒರಗಿದ ಹಾಗೇ ಕುಂತಿದ್ದರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಹೊರಗೆ ಬಂದುಬಿಟ್ಟೆ.

ಹೆಂಡತಿಗೆ ಸೇರಿದ್ದು ಓಣಿಗಳು. ಕಲ್ಲು ಹಾಸಿದ ದಾರಿಯಲ್ಲಿ ಗಾಲಿ ತಿರುಗಿ ತಿರುಗಿ ಗೆರೆ ಬಿದ್ದಿತ್ತು. ಆಕೆ ಬಗ್ಗಿ ಗೇಣು ಹಾಕಿ ಅಳೆದು, “ಇವರ ಗಾಲಿ ನಮ್ಮ ಚಕ್ಕಡಿಯಷ್ಟ ಅಗಲ ಅದಾವ ನೋಡ್ರಿ” ಅಂದಳು. ಆಮೇಲೆ ಒಂದು ರೊಟ್ಟಿ ಸುಡುವವರ ಮನೆ ಬಂತು. ಒಲೆ, ಅದರ ಮುಂದೆ ಎದೆಯೆತ್ತರದ ಬೀಸುವ ಕಲ್ಲುಗಳು ಸಾಲಾಗಿ ನಿಂತಿದ್ದವು. ಶಿರೋಳದ ತನ್ನ ತವರಿನಲ್ಲಿ ಹತ್ತು ವರ್ಷದ ಹುಡುಗಿಯಿದ್ದಾಗಲೇ ಜೋಳ ಬೀಸಿದವಳು ಆಕೆ. ಗೈಡು ಮುಂದೆ ಹೋದರೂ ಈಕೆ ಅಲ್ಲೇ ನಿಂತು, ಮೇಲಿನ ಕಲ್ಲು ಎಲ್ಲಿ ಕೂರುತ್ತದೆ, ಹಿಟ್ಟು ಎಲ್ಲಿ ಬೀಳುತ್ತದೆ ಅಂತ ಸುತ್ತ ತಿರುಗಿ ತಿರುಗಿ ನೋಡಿದಳು.

ನನ್ನ ಕಿವಿಯ ಯಂತ್ರದಲ್ಲಿ ಮಾತು ಗೊರಗೊರ ಅನ್ನತೊಡಗಿತು. ಅಂದರೆ ನಮ್ಮವರು ದೂರ ಹೋದರು ಅಂತ ಅರ್ಥ. ಹೋಗಿ ಆಕೆಯ ರಟ್ಟೆ ಹಿಡಿದು, ನಾಲ್ಕು ಜನರೆದುರಿಗೆ, “ಬೀಸೋ ಕಲ್ಲು ನೋಡಾಕ ವಿಮಾನ ಹತ್ತಿ ಬರಬೇಕಾಗಿತ್ತೇನ? ನಮ್ಮ ಹಿತ್ತಲದಾಗ ಬಿದ್ದಿಲ್ಲೇನ ಒಂದು?” ಅಂದೆ. ಹಿಂದೆ ಉಳಿದಿದ್ದ ರಾಯಚೂರಿನ ಒಬ್ಬ ಅಂಗಡಿಯವ ಕಿಸಕ್ಕನೆ ನಕ್ಕ. ಹೆಂಡತಿಯ ಮುಖ ಇಷ್ಟಗಲ ಇದ್ದದ್ದು ಇಷ್ಟಾಯಿತು. ಸೆರಗು ಸರಿಮಾಡಿಕೊಂಡು ನನ್ನ ಹಿಂದೆ ಬಂದಳು. ಯಾಕಾದರೂ ಅಂದೆನೋ ಅನಿಸಿತು, ಆದರೆ ಅಂದದ್ದನ್ನು ತಿರುಗಿ ನುಂಗುವ ಜಾಯಮಾನ ನನ್ನದಲ್ಲ.

ಒಂದೂವರೆಗೆ ಗೈಡು ಕೈಮುಗಿದು ಯಂತ್ರಗಳನ್ನು ತಿರುಗಿ ಇಸಿದುಕೊಂಡು ಹೋದಳು. ನಮ್ಮವರು ಅತ್ತ ಇತ್ತ ಚೆದುರಿದರು. ಆಕೆಗೆ ಮಧ್ಯಾಹ್ನದ ಗುಳಿಗೆ ತೆಗೆದುಕೊಟ್ಟೆ, ನಾವಿಬ್ಬರು ಮೂರ್ನಾಲ್ಕು ಓಣಿ ತಿರುಗಿದೆವು. ಎರಡು ದಾರಿ ಕೂಡುವ ಮೂಲೆಯಲ್ಲಿ ಒಂದು ಕಲ್ಲಿನ ತೊಟ್ಟಿ ಇತ್ತು. ಅದರ ಮೇಲೆ ನಿಲ್ಲಿಸಿದ ಕಲ್ಲಿನಲ್ಲಿ ಒಂದು ಮುಖ ಕೆತ್ತಿ, ಆ ಮುಖದ ಬಾಯಿಯಿಂದ ನೀರು ಬರುವ ಹಾಗೆ ಮಾಡಿದ್ದರು. ಅಲ್ಲಿಗೆ ಬಂದಾಗ ಆಕೆ ಬಾಯಿಬಿಟ್ಟಳು.

“ಗುಳಿಗಿ ನುಂಗೀನಿ. ಹಸಿವಿ ಆಗೇತ್ರಿ.”

“ಐದು ಮಿನಿಟ ತಡಿ. ಮೂತ್ರಕ್ಕ ಹೋಗಿ ಬರ್ತೀನಿ, ಆಮ್ಯಾಲೆ ಉಣ್ಣೋಣಂತ. ಇಲ್ಲೇ ಕುಂದ್ರು. ಎಲ್ಲೂ ಹೋಗಬ್ಯಾಡ ಮತ್ತ.”

ಆಕೆ ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ಕುಂತಳು. ನಾನು ತಿರುಗಿ ನೋಡದೆ ಹೋದೆ. ರೊಟ್ಟಿಯ ಚೀಲ ನನ್ನ ಹೆಗಲಲ್ಲೇ ಇತ್ತು.

ಪಾಯಖಾನೆಯ ಮುಂದೆ ಉದ್ದನೆಯ ಸಾಲು. ಮುಗಿಸಿ ಬರುವಾಗ ಒಳಗೆ ಹೋದ ಬಾಗಿಲು ಬೇರೆ, ಹೊರಗೆ ಬಂದ ಬಾಗಿಲು ಬೇರೆ. ಆದರೂ ದಾರಿ ಗೊತ್ತಿದ್ದವನ ಹಾಗೆ ನಡೆದು ಮೂಲೆಯ ತೊಟ್ಟಿಗೆ ಬಂದೆ. ತೊಟ್ಟಿ ಇತ್ತು, ಹೆಂಡತಿ ಇರಲಿಲ್ಲ. ಬಿಳಿಯರ ಎರಡು ಮಕ್ಕಳು ಬಾಟಲಿಗೆ ನೀರು ಹಿಡಿಯುತ್ತಿದ್ದವು.

ಮೊದಲು ಬಂದದ್ದು ಸಿಟ್ಟೇ. ಎಲ್ಲೂ ಹೋಗಬೇಡ ಅಂದರೂ ಹೋದಳಲ್ಲ. ಆ ಬೀಸುವ ಕಲ್ಲಿನ ಹುಚ್ಚು ಬಿಟ್ಟಿರಲಿಕ್ಕಿಲ್ಲ, ಅಲ್ಲಿಗೇ ಹೋಗಿರಬೇಕು ಅಂದುಕೊಂಡೆ. ಹುಡುಕಿಕೊಂಡು ಹೋದೆ. ಒಂದು ರೊಟ್ಟಿ ಮನೆ ಸಿಕ್ಕಿತು, ಕಲ್ಲುಗಳಿದ್ದವು, ಈಕೆ ಇರಲಿಲ್ಲ. ಅದೇ ಮನೆಯೋ ಬೇರೆಯದೋ ಅದೂ ತಿಳಿಯಲಿಲ್ಲ. ತಿರುಗಿ ತೊಟ್ಟಿಗೆ ಬಂದೆ ಅಂದುಕೊಂಡೆ. ನೋಡಿದರೆ ಇದರ ಮೇಲಿನ ಮುಖ ಗೂಳಿಯದು. ಮೊದಲಿನದು ಮನುಷ್ಯರದಾಗಿತ್ತಲ್ಲ? ಮುಂದಿನ ಮೂಲೆಗೆ ಓಡಿದೆ. ಅಲ್ಲೊಂದು ತೊಟ್ಟಿ, ಅದರ ಮೇಲೊಂದು ಹೆಂಗಸಿನ ಮುಖ. ಅದರ ಆಚೆಗೆ ಇನ್ನೊಂದು. ಆಗ ತಿಳಿಯಿತು. ಆ ಊರಿನಲ್ಲಿ ಮೂಲೆ ಮೂಲೆಗೂ ಒಂದೊಂದು ತೊಟ್ಟಿ, ತೊಟ್ಟಿ ತೊಟ್ಟಿಗೂ ಒಂದೊಂದು ಮುಖ. ನಾನು ಹೆಂಡತಿಯನ್ನು ಕೂರಿಸಿದ್ದು ಯಾವ ಮುಖದ ಕೆಳಗೆ ಅಂತ ನೋಡಿಯೇ ಇರಲಿಲ್ಲ.

ಕಳೆದದ್ದು ಆಕೆಯಲ್ಲ, ನಾನು. ಆದರೆ ಕಷ್ಟ ನನಗಲ್ಲ. ನನ್ನ ಹತ್ತಿರ ಪಾಸ್‌ಪೋರ್ಟ್ ಇತ್ತು, ಫೋನ್ ಇತ್ತು, ರೊಟ್ಟಿ ಇತ್ತು. ಆಕೆ ಗುಳಿಗೆ ನುಂಗಿ ಬರಿಹೊಟ್ಟೆಯಲ್ಲಿ ಕುಂತಿದ್ದಾಳೆ, ಕನ್ನಡ ಬಿಟ್ಟು ಒಂದಕ್ಷರ ಬೇರೆ ಬಾರದು. ಕೈ ನಡುಗಲು ಶುರುವಾಗಿದ್ದರೆ? ಒರಗಿದ್ದರೆ? ಬಂದುಹೋಗುವವರು, ಪಾಪ, ಯಾರೋ ಹೆಂಗಸು ಬಿಸಿಲಿಗೆ ನಿದ್ದೆ ಹೋಗಿದ್ದಾಳೆ ಅಂತ ದಾಟಿಕೊಂಡು ಹೋಗುತ್ತಾರೆ. ಗೋಡೆಗೆ ಒರಗಿದ ಆ ಗಾಜಿನ ಪೆಟ್ಟಿಗೆಯ ಅಚ್ಚು ಕಣ್ಣ ಮುಂದೆ ಬಂತು. ಥೂ, ಏನು ಕೆಟ್ಟ ಮನಸ್ಸಪ್ಪಾ ಇದು ಅಂತ ನನ್ನ ತಲೆಗೆ ನಾನೇ ಹೊಡೆದುಕೊಂಡೆ.

ಎರಡೂ ನಲವತ್ತಕ್ಕೆ ಮ್ಯಾನೇಜರಿಗೆ ಫೋನ್ ಮಾಡಿದೆ. ಆಕೆ ಗೇಟಿನ ಹತ್ತಿರ ಇದ್ದಳು.

“ಗಾಬರಿ ಆಗ್ಬೇಡಿ ಅಂಕಲ್. ಇಲ್ಲಿ ದಿನಾ ಯಾರಾದ್ರೂ ತಪ್ಪಿಸ್ಕೋತಾರೆ. ಏನು ಹಾಕ್ಕೊಂಡಿದ್ದಾರೆ ಆಂಟಿ?”

“ಸೀರಿ. ಮ್ಯಾಲೆ ನನ್ನ ಸ್ವೆಟರು, ಕಂದು. ಆಕೀಗೆ ಶುಗರ್ ಐತ್ರಿ ಮೇಡಂ. ಉಂಡಿಲ್ಲ. ಲಗೂ ಏನರ ಮಾಡ್ರಿ.”

“ಆಯ್ತು, ಗಾರ್ಡ್‌ಗಳಿಗೆ ಹೇಳ್ತೀನಿ. ನೀವು ಒಂದು ಕೆಲ್ಸ ಮಾಡಿ. ಆಂಟಿ ಹೆಸರು ಹಿಡಿದು ಜೋರಾಗಿ ಕೂಗ್ತಾ ಬನ್ನಿ. ಎಲ್ಲಾ ಬರೀ ಗೋಡೆ ಅಷ್ಟೇ, ಮೇಲೆ ಸೂರಿಲ್ಲ. ಪಕ್ಕದ ಓಣಿಗೂ ಕೇಳ್ಸುತ್ತೆ.”

ಫೋನ್ ಇಟ್ಟೆ. ಸುಲಭದ ಕೆಲಸ ಹೇಳಿದ್ದಳು. ಆದರೆ ಬಾಯಿ ಏಳಲಿಲ್ಲ.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಗಂಡನೂ ಹೆಂಡತಿಯ ಹೆಸರು ಹೇಳುವುದಿಲ್ಲ ಅನ್ನುವುದು ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ನಾನು ಆಕೆಯನ್ನು ಕರೆಯುವುದು ‘ಏ’ ಅಂತ. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ‘ನಮ್ಮ ಮನ್ಯಾಗ’. ಮಕ್ಕಳಿಗೆ ಹೇಳುವಾಗ ‘ನಿಮ್ಮವ್ವ’. ಉಳಿದವರಿಗೆ ಆಕೆ ವೈನಿ, ಅತ್ತಿ, ಕಾಕಿ. ಮೂವತ್ತೊಂದು ವರ್ಷ ಇಷ್ಟರಲ್ಲೇ ಬಾಳೆ ನಡೆದಿದೆ, ಯಾವುದಕ್ಕೂ ಕಡಿಮೆ ಬಿದ್ದಿಲ್ಲ.

ಹೆಸರು ಇಲ್ಲ ಅಂತಲ್ಲ. ನಮ್ಮ ಮನೆತನದಲ್ಲಿ ಮದುವೆಯ ದಿನ ಸೊಸೆಗೆ ಬೇರೆ ಹೆಸರಿಡುತ್ತಾರೆ. ತಾಟಿನಲ್ಲಿ ಅಕ್ಕಿ ಹರಡಿ, ಮದುಮಗನ ಕೈಗೆ ಉಂಗುರ ಕೊಟ್ಟು, ಅದರಿಂದ ಆ ಹೊಸ ಹೆಸರು ಬರೆಸುತ್ತಾರೆ. ಅವ್ವ ಕಿವಿಯಲ್ಲಿ ಹೇಳಿದ್ದನ್ನು ನಾನು ಬರೆದಿದ್ದೆ. ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ, ಈಗ ಪಾಸ್‌ಪೋರ್ಟಿನಲ್ಲಿ ಇರುವುದು ಅದೇ ಹೆಸರು. ಅದನ್ನು ನಾನು ಕಾಗದದ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಬಾಯಿಂದ ಕರೆದದ್ದು ಒಂದು ದಿನವೂ ಇಲ್ಲ. ಪ್ರತಿ ಮುಂಗಾರಿಗೆ ಚೀಲಗಟ್ಟಲೆ ಹೆಸರು ಮಾರುವವನು ನಾನು, ಅವತ್ತು ಒಂದು ಹೆಸರು ನಾಲಿಗೆಗೆ ಹತ್ತಲಿಲ್ಲ.

ಮೊದಲನೆಯ ಸಲ ಯಾರಿಗೋ ವಿಳಾಸ ಕೇಳುವವನ ಹಾಗೆ ಸಣ್ಣಗೆ ಅಂದೆ. ನನಗೇ ನಾಚಿಕೆಯಾಯಿತು. ಅಪ್ಪ ಬದುಕಿದ್ದು ಈ ದನಿ ಕೇಳಿದ್ದರೆ ಏನನ್ನುತ್ತಿದ್ದನೋ. ಆಮೇಲೆ ಕೈ ನಡುಗುವ ಆಕೆಯ ಚಿತ್ರ ಕಣ್ಣಿಗೆ ಬಂತು. ಹಾಳಾಗಲಿ ಮಾನ ಅಂತ ಎರಡೂ ಕೈ ಬಾಯಿಗೆ ಹಚ್ಚಿ ಗಟ್ಟಿಯಾಗಿ ಕೂಗಿದೆ. ಓಣಿಯ ಈ ತುದಿಯಿಂದ ಆ ತುದಿಗೆ ಕೂಗುತ್ತಾ ಹೋದೆ. ಕಿವಿಗೊಟ್ಟು ನಿಂತೆ. ಉತ್ತರ ಇಲ್ಲ. ಜನ ಮಾತ್ರ ತಿರುಗಿ ತಿರುಗಿ ನೋಡಿದರು. ಒಬ್ಬ ಮುದುಕಿ ಹತ್ತಿರ ಬಂದು ನನ್ನ ತೋಳು ಮುಟ್ಟಿ ಏನೋ ಕೇಳಿದಳು, ನನಗೆ ತಿಳಿಯಲಿಲ್ಲ, ಗೋಣು ಹಾಕಿದೆ.

ಮೂರು ಗಂಟೆಗೆ ಒಬ್ಬ ಗಾರ್ಡು ಸಿಕ್ಕ. ಪಾಸ್‌ಪೋರ್ಟ್ ತೆಗೆದು ತೋರಿಸಿದೆ. ಅವನು ಹೆಸರನ್ನು ಮುರಿದು ಮುರಿದು ಓದಿ ತನ್ನ ವಾಕಿಟಾಕಿಯಲ್ಲಿ ಹೇಳಿದ. ಅವನ ಬಾಯಲ್ಲಿ ಅದು ಇನ್ನಷ್ಟು ಪರದೇಶಿ ಆಯಿತು. ‘ಹೋಗಿ ನೋಡು’ ಅನ್ನುವಂತೆ ಕೈಮಾಡಿದ. ಮತ್ತೆ ಕೂಗುತ್ತಾ ನಡೆದೆ. ಹೊತ್ತು ವಾಲಿ ಗೋಡೆಗಳ ನೆರಳು ಓಣಿಯ ತುಂಬ ಬಿದ್ದಿತ್ತು, ಥಂಡಿ ಏರುತ್ತಿತ್ತು. ಜನ ಗೇಟಿನ ಕಡೆ ಹೊರಟಿದ್ದರು. ಮಗಳಿಗೆ ಫೋನ್ ಮಾಡಲೇ ಅನಿಸಿತು. ಮಾಡಿ ಏನು ಹೇಳುವುದು? ನಿಮ್ಮವ್ವನ್ನ ಎಲ್ಲಿ ಕೂರಿಸಿದೆ ಅಂತ ನೆನಪಿಲ್ಲ ಅಂತ ಹೇಳುವುದೇ? ದೇವರೇ, ಇದೊಂದು ಸಲ ಸಿಗಲಿ, ಇನ್ನು ಮೇಲೆ ನಾಲ್ಕು ಜನರ ಮುಂದೆ ಬೈಯುವುದಿಲ್ಲ ಅಂದುಕೊಂಡೆ. ಈ ಮಾತನ್ನು ಹಿಂದೆಯೂ ಎಷ್ಟೋ ಸಲ ಅಂದುಕೊಂಡಿದ್ದೇನೆ ಅನ್ನುವುದೂ ಆಗಲೇ ನೆನಪಾಯಿತು.

ಮೂರನೆಯ ಸಲ ಅದೇ ಓಣಿಗೆ ಬಂದಿದ್ದೆನೆಂದು ಕಾಣುತ್ತದೆ. ಗಂಟಲು ಹರಿದುಹೋಗಿತ್ತು. ಆ ಓಣಿಗಳಲ್ಲಿ ಮಳೆನೀರು ತುಳಿಯದೆ ದಾಟಲು ಅಂತ ನಡುವೆ ಎತ್ತರದ ಕಲ್ಲುಗಳನ್ನಿಟ್ಟಿದ್ದಾರೆ. ಮೇಲೆ ನೋಡುತ್ತಾ ಕೂಗುತ್ತಾ ಬಂದವನು ಅಂಥದೊಂದಕ್ಕೆ ಎಡವಿದೆ. ಕಾಲ ಹೆಬ್ಬೆರಳು ಒಡೆದು ಕಣ್ಣಿಗೆ ಕತ್ತಲೆ ಬಂತು. ಅಂಜಿಕೆ, ನೋವು, ಸಿಟ್ಟು ಎಲ್ಲ ಒಮ್ಮೆಲೇ ತಲೆಗೇರಿತು.

“ಏ, ಎಲ್ಲಿ ಹಾಳಾಗಿ ಹೋದಿ?” ಅಂತ ಒದರಿದೆ.

“ಇಲ್ಲೇ ಅದೀನ್ರಿ” ಅಂತ ಗೋಡೆಯ ಆಚೆಯಿಂದ ಬಂತು.

ಒಂದು ಗೋಡೆ, ಅಷ್ಟೇ. ಕುಂಟುತ್ತಾ ಮೂಲೆ ಸುತ್ತಿ ಹೋದೆ. ನಾನು ಕೂರಿಸಿದ ಕಟ್ಟೆಯ ಮೇಲೆ, ಕೂರಿಸಿದ ಹಾಗೆಯೇ ಕುಂತಿದ್ದಳು. ಮುಖ ಬಾಡಿತ್ತು. ಹಣೆಯ ಮೇಲೆ ಬೆವರು, ಸ್ವೆಟರಿನ ತೋಳೊಳಗೆ ಕೈ ಎಳೆದುಕೊಂಡಿದ್ದಳು.

“ಮೊದಲ ರೊಟ್ಟಿ ಕೊಡ್ರಿ” ಅಂದಳು. “ಕೈ ನಡಗಾಕತ್ತಾವು. ತೊಟ್ಟಿ ನೀರ ಕುಡಕೋಂತ ಕುಂತೀನಿ.”

ಚೀಲ ಬಿಚ್ಚಿದೆ. ರೊಟ್ಟಿ ಮುರಿದು, ಚಟ್ನಿ ಹಚ್ಚಿ, ತುತ್ತು ತುತ್ತಾಗಿ ಕೊಟ್ಟೆ. ತೊಟ್ಟಿಯ ನೀರು ಹಿಡಿದು ಕುಡಿಸಿದೆ. ಮ್ಯಾನೇಜರಿಗೆ ಫೋನ್ ಮಾಡಿ, ಸಿಕ್ಕಳು, ಹತ್ತು ಮಿನಿಟು ಬಸ್ ತಡೆಯಿರಿ ಅಂದೆ. ಎರಡು ರೊಟ್ಟಿ ಹೊಟ್ಟೆಗೆ ಬಿದ್ದ ಮೇಲೆ ಆಕೆಯ ಮುಖಕ್ಕೆ ಸ್ವಲ್ಪ ಕಳೆ ಬಂತು. ನನಗೆ ಅಳು ಬಂದಿತ್ತು. ಅದು ಹೊರಗೆ ಬಂದದ್ದು ಸಿಟ್ಟಾಗಿಯೇ.

“ತಾಸೊಪ್ಪತ್ತಾತು, ಹುಚ್ಚನಂಗ ಒದರಿಕೋಂತ ತಿರಗಾಕತ್ತೀನಿ. ಕೇಳಸಲಿಲ್ಲೇನ ನಿನಗ?”

“ಕೇಳಸ್ತು. ಮೂರು ಸಲ ಕೇಳಸ್ತು. ನಿಮ್ಮ ದನಿ ಅಂತ ಗೊತ್ತಾತು.”

“ಮತ್ತ ಓ ಅನ್ನಾಕ ಏನಾಗಿತ್ತು?”

ಆಕೆ ಬಾಯಿಯಲ್ಲಿದ್ದ ತುತ್ತು ನುಂಗಿದಳು.

“ಯಾರನ್ನ ಕರ್ಯಾಕತ್ತೀರಿ ಅಂತ ತಿಳೀಲಿಲ್ರಿ. ನಮ್ಮ ಗುಂಪಿನ್ಯಾಗ ಯಾರೋ ಹೆಣ್ಣಮಗಳು ಕಳದಾಳ, ನೀವು ಆಕಿನ್ನ ಹುಡಕಾಕತ್ತೀರಿ, ಅದಕ್ಕ ತಡಾ ಆಗೇತಿ ಅಂತ ನಾ ಸುಮ್ಮ ಕುಂತೆ.”

“ಅದು ನಿನ್ನ ಹೆಸರಲ್ಲೇನ? ಅಕ್ಕಿಯೊಳಗ ನಾನಽ ಬರದಿಲ್ಲೇನ?”

“ಬರದ್ರಿ, ಖರೇ” ಅಂದಳು. “ಕರೀಲಿಲ್ಲಲ್ರಿ.”